ಗೋಡೆಯಲ್ಲ, ಒಲೆ ಎಣಿಸಿರಿ

ಹಳ್ಳ ಉಕ್ಕಿ ಮನೆ ಬಿದ್ದು ಜನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಬಂದು ಕೂತಾಗ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ, "ಮನಿ ಎಷ್ಟು ಬಿದ್ದೈತಿ?" ಎರಡನೆಯ ಪ್ರಶ್ನೆ, "ಯಜಮಾನರ ಹೆಸರೇನು?" ಈ ಎರಡಕ್ಕೆ ಉತ್ತರ ಬರೆದುಕೊಂಡರೆ ಸಮೀಕ್ಷೆ ಮುಗಿಯಿತು. ಆ ಮನೆಯಲ್ಲಿ ಎಷ್ಟು ಜನ ಹೆಂಗಸರಿದ್ದರು, ಅವರಲ್ಲಿ ಯಾರ ಹೆಸರು ಯಾವ ಕಾಗದದಲ್ಲಿದೆ, ಆಶ್ರಯ ಕೇಂದ್ರ ಮುಚ್ಚಿದ ದಿನ ಯಾರು ಎಲ್ಲಿಗೆ ಹೋಗುತ್ತಾರೆ ಎಂಬ ಮೂರನೆಯ ಪ್ರಶ್ನೆ ಮಾತ್ರ ಬರುವುದೇ ಇಲ್ಲ. ಕೇಂದ್ರದ ಹೆಸರು 2009ರಲ್ಲಿ 'ಗಂಜಿ ಕೇಂದ್ರ' ಎಂದಿತ್ತು, ಈಗ 'ಕಾಳಜಿ ಕೇಂದ್ರ' ಎಂದಾಗಿದೆ. ಹೆಸರು ಬದಲಾದಷ್ಟು ಬೇಗ ಪ್ರಶ್ನೆ ಬದಲಾಗಿಲ್ಲ.

ವರದಕ್ಷಿಣೆ, ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ನೆರೆ ಪರಿಹಾರದ ಮಾತೇಕೆ ಎಂದು ಕೆಲವು ಅಕ್ಕಂದಿರಿಗೆ ಅನಿಸಬಹುದು. ಹೊಡೆತ ತಿನ್ನುವ ಹೆಂಗಸನ್ನು "ಯಾಕವ್ವಾ, ಬಿಟ್ಟು ಬರಬಾರದ?" ಎಂದು ಕೇಳಿ ನೋಡಿರಿ. "ಎಲ್ಲಿಗೆ ಹೋಗ್ಲಿ?" ಎಂಬ ಉತ್ತರ ಬರುತ್ತದೆ. ನಮ್ಮ ಹೋರಾಟದ ಬಹುಪಾಲು ಈ 'ಎಲ್ಲಿಗೆ' ಎಂಬುದರ ಮುಂದೆಯೇ ಬಂದು ನಿಲ್ಲುತ್ತದೆ. ನೆರೆ ಬಂದ ವರ್ಷ ಸರಕಾರ ಸಾವಿರಾರು ಮನೆಗಳಿಗೆ ಹಣ ಕೊಡುತ್ತದೆ, ಕೆಲವು ಊರುಗಳಿಗೆ ಹೊಸ ನಿವೇಶನ, ಹೊಸ ಹಕ್ಕುಪತ್ರ ಕೊಡುತ್ತದೆ. ಮನೆ ಯಾರದು ಎಂಬುದನ್ನು ಹೊಸದಾಗಿ ಬರೆಯುವ ಗಳಿಗೆ ಒಂದು ತಲೆಮಾರಿಗೆ ಒಂದೋ ಎರಡೋ ಸಲ ಬರುತ್ತದೆ. ಆ ಗಳಿಗೆಯಲ್ಲೂ ಹಳೆಯ ಹೆಸರೇ ಹಳೆಯ ರೀತಿಯಲ್ಲೇ ದಾಖಲಾದರೆ, ಆ ಹೆಣ್ಣಿನ 'ಎಲ್ಲಿಗೆ' ಮತ್ತೆ ಇಪ್ಪತ್ತು ವರ್ಷ ಹಾಗೇ ಉಳಿಯುತ್ತದೆ.

ನಮ್ಮ ಸೀಮೆಯ ನೆರೆ

ಹುಬ್ಬಳ್ಳಿ-ಧಾರವಾಡಕ್ಕೆ ದೊಡ್ಡ ಹೊಳೆಯಿಲ್ಲ. ಆದರೂ ನೆರೆ ನಮಗೆ ಹೊಸದಲ್ಲ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಬೇಸಿಗೆಯಲ್ಲಿ ಸೊರಗಿ ಬಿದ್ದಿರುತ್ತವೆ. ಮಳೆ ಜೋರಾದರೆ ಒಂದೇ ರಾತ್ರಿಯಲ್ಲಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಕಡೆಯ ಎರಿ ಹೊಲಗಳನ್ನು ಮುಳುಗಿಸಿ ಮಲಪ್ರಭೆಯ ಕಡೆ ಓಡುತ್ತವೆ. 2019ರ ಆಗಸ್ಟ್‌ನಲ್ಲಿ ಅಳ್ನಾವರದ ಪೇಟೆಗೆ ನೀರು ನುಗ್ಗಿತು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ ಕೋಡಿ ಬಿದ್ದು ನಾಲೆಯ ದಂಡೆಯ ಮನೆಗಳು ತೊಯ್ದವು. ಬೆಳಗಾವಿ, ಬಾಗಲಕೋಟ, ಗದಗ ಜಿಲ್ಲೆಗಳಲ್ಲಿ ಊರೂರೇ ಖಾಲಿಯಾದವು.

ನಮ್ಮಲ್ಲಿ ಮನೆ ಬೀಳಲು ಹೊಳೆಯೇ ಬರಬೇಕೆಂದಿಲ್ಲ. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ ನಾಲ್ಕಾರು ದಿನದ ಜಡಿಮಳೆಗೆ ನೀರು ಕುಡಿದು ಭಾರವಾಗಿ ಕುಸಿಯುತ್ತವೆ. ಎದುರಿಗೆ ನೋಡಿದರೆ ಗೋಡೆ ನಿಂತಿರುತ್ತದೆ, ಒಳಗೆ ಅಡಿಗೆಮನೆಯ ಮಗ್ಗುಲು ಬಿದ್ದಿರುತ್ತದೆ. ಬೀದಿಯಲ್ಲಿ ನಿಂತು ಬರೆದುಕೊಂಡು ಹೋಗುವ ಸಮೀಕ್ಷೆಗೆ ಕಾಣುವುದು ಬೀದಿಯ ಗೋಡೆ.

2019ರಲ್ಲಿ ಸರಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದರೆ ಎ, ಅದಕ್ಕೆ 5 ಲಕ್ಷ ರೂಪಾಯಿ. ಕಾಲು ಭಾಗದಿಂದ ಮುಕ್ಕಾಲು ಭಾಗ ಬಿದ್ದರೆ ಬಿ, ಪೂರ್ತಿ ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿ ಮಾಡಿಕೊಂಡರೆ 3 ಲಕ್ಷ. ಅದಕ್ಕಿಂತ ಕಡಿಮೆ ಬಿದ್ದರೆ ಸಿ, 50 ಸಾವಿರ. ಮೊದಲ ಕಂತು 1 ಲಕ್ಷ, ಉಳಿದದ್ದು ಬುನಾದಿ, ಗೋಡೆ, ಚಾವಣಿ ಎಂದು ಕಟ್ಟಿದಷ್ಟರ ಫೋಟೊ ತೆಗೆದು ಹಂತ ಹಂತವಾಗಿ. ಹಿಂದಿನ ನೆರೆಗಳಿಗೆ ಹೋಲಿಸಿದರೆ ದೊಡ್ಡ ಮೊತ್ತವೇ. ಬಿದ್ದ ಮನೆ ಸಿ ಆಯಿತು, ನಿಂತ ಮನೆ ಎ ಆಯಿತು ಎಂಬ ದೂರು ಜಿಲ್ಲೆ ಜಿಲ್ಲೆಗಳಲ್ಲಿ ಕೇಳಿಬಂತು. ಪತ್ರಿಕೆಗಳು ಬರೆದವು, ಶಾಸಕರು ಮಾತಾಡಿದರು. ಆದರೆ ಎ, ಬಿ, ಸಿ ಮೂರೂ ಗೋಡೆಯ ಅಳತೆ ಎಂಬುದನ್ನು ಯಾರೂ ಮಾತಾಡಲಿಲ್ಲ. ಗೋಡೆಯೊಳಗಿದ್ದವರಿಗೆ ಯಾವ ವರ್ಗ?

ಪಟ್ಟಿಯಲ್ಲಿ ಇಲ್ಲದವರು

ನಮ್ಮ ಹಳ್ಳಿಗಳಲ್ಲಿ ಉತಾರ ಒಂದು, ಬಾಗಿಲು ಒಂದು, ಒಳಗೆ ಒಲೆ ಮೂರು ಇರುತ್ತವೆ. ಅಣ್ಣತಮ್ಮಂದಿರು ಬೇರೆಯಾಗಿದ್ದರೂ ಕಾಗದದಲ್ಲಿ ಮನೆ ಸತ್ತ ಅಜ್ಜನ ಹೆಸರಿನಲ್ಲೇ ಇರುತ್ತದೆ. ಇಂಥ ಮನೆ ಬಿದ್ದರೆ ಸರಕಾರಿ ಲೆಕ್ಕದಲ್ಲಿ ಬಿದ್ದದ್ದು ಒಂದು ಮನೆ, ಬರುವ ಹಣ ಒಬ್ಬನ ಖಾತೆಗೆ. ಆ ಮೂರು ಒಲೆಗಳಲ್ಲಿ ಒಂದು ಹೆಂಗಸಿನದೇ ಆಗಿದ್ದರೆ ಅವಳ ಗತಿ ಏನು? ಯಾರು ಯಾರು ಹೀಗೆ ಜಾರಿ ಹೋಗುತ್ತಾರೆ ನೋಡೋಣ.

ಗಂಡ ಬಿಟ್ಟ ಮಗಳು ತವರಿಗೆ ಬಂದು ಪಡಸಾಲೆಯ ಮೂಲೆಯಲ್ಲಿ ಒಲೆ ಹೂಡಿಕೊಂಡಿರುತ್ತಾಳೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಮನೆಯವರೂ ನಂಬಿದ್ದಾರೆ, ಬರೆದುಕೊಳ್ಳಲು ಬಂದವರೂ ನಂಬಿದ್ದಾರೆ. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು, 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಆದರೂ ಹೊಸ ಮನೆ ಅಣ್ಣನ ಹೆಸರಿಗೆ ಎರಡು ಕೋಣೆಯದಾಗಿ ಎದ್ದಾಗ ಅದರಲ್ಲಿ ಅವಳ ಪಡಸಾಲೆಯ ಮೂಲೆ ಇರುವುದಿಲ್ಲ. ಮಣ್ಣಿನ ಮನೆ ದೊಡ್ಡದಿತ್ತು, ಅವಳನ್ನೂ ನುಂಗಿಕೊಂಡಿತ್ತು. ಸಿಮೆಂಟಿನ ಮನೆ ಸಣ್ಣದು, ಅವಳಿಗೆ ಜಾಗವಿಲ್ಲ.

ವಿಧವೆಯ ಮನೆ ಮಾವನ ಹೆಸರಿನಲ್ಲಿರುತ್ತದೆ. ಮಾವ ಸತ್ತು ಹದಿನೈದು ವರ್ಷವಾಗಿರುತ್ತದೆ, ವಾರಸಾ ಆಗಿರುವುದಿಲ್ಲ. ಮೈದುನ ಒಪ್ಪಿಗೆ ಕೊಡದ ಹೊರತು ಅವಳ ಹೆಸರು ಪಟ್ಟಿಗೆ ಏರುವುದಿಲ್ಲ.

ಹುಬ್ಬಳ್ಳಿಯ ನಾಲೆಯ ದಂಡೆಯಲ್ಲಿ ಬಾಡಿಗೆಗೆ ಇರುವಾಕೆ ಮನೆಗೆಲಸ ಮಾಡಿಕೊಂಡು, ರೊಟ್ಟಿ ಬಡಿದು ಮಕ್ಕಳನ್ನು ಸಾಕುತ್ತಾಳೆ. ಗೋಡೆ ಬಿದ್ದರೆ ಪರಿಹಾರ ಮನೆ ಮಾಲೀಕನದು. ಅವಳ ಬಾಂಡೆ ಸಾಮಾನು, ಹಿಟ್ಟಿನ ಡಬ್ಬಿ, ಮುಂಗಡ ಕೊಟ್ಟ ಹಣ ಯಾವ ಪಟ್ಟಿಗೂ ಬರುವುದಿಲ್ಲ. ಮನೆ ಕಳೆದುಕೊಂಡವರಿಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿ ಕೊಡುವುದಾಗಿ 2019ರಲ್ಲಿ ಘೋಷಣೆಯಾಯಿತು. ಆದರೆ ಮೊದಲೇ ಬಾಡಿಗೆಗಿದ್ದವಳು 'ಮನೆ ಕಳೆದುಕೊಂಡವಳು' ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು?

ಬಾಗಲಕೋಟ, ಬೆಳಗಾವಿ, ಗದಗ, ಧಾರವಾಡದ ಮಾಜಿ ದೇವದಾಸಿ ಮಹಿಳೆಯರಿಗೆ ನಮೂನೆಯಲ್ಲಿಯ 'ಗಂಡನ ಹೆಸರು' ಎಂಬ ಕಾಲಮ್ಮೇ ಒಂದು ಅವಮಾನ. ದೇವದಾಸಿ ಪದ್ಧತಿ ನಿಷೇಧ ಕಾಯ್ದೆ 1982ರಲ್ಲೇ ಆಯಿತು, ಸರಕಾರವೇ ಇವರನ್ನು ಎಣಿಸಿ ಗುರುತಿಸಿದೆ. ಆ ಪಟ್ಟಿಯನ್ನು ನೆರೆಯ ಸಮಯದಲ್ಲಿ ತೆರೆದು ನೋಡುವ ಕಷ್ಟ ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ.

ಇವರೆಲ್ಲ ಲೆಕ್ಕದಿಂದ ಹೊರಗೆ ಬಿದ್ದವರು. ಲೆಕ್ಕದೊಳಗೇ ಇದ್ದು ಕಾಣದವಳು ಇನ್ನೊಬ್ಬಳಿದ್ದಾಳೆ. ಅವಳ ಮನೆ ಎ ವರ್ಗ, ಗಂಡನ ಹೆಸರು ಪಟ್ಟಿಯಲ್ಲಿದೆ, ಹಣವೂ ಬರುತ್ತದೆ. ಆದರೆ ಆ ಮನೆಗೆ ಮರಳಿ ಹೋಗಲು ಅವಳಿಗೆ ಭಯವಿದೆ. ಆಶ್ರಯ ಕೇಂದ್ರದಲ್ಲಿ ನಾಲ್ಕು ಜನರ ಕಣ್ಣಿದೆ ಎಂಬ ಕಾರಣಕ್ಕೆ ಅವನ ಕೈ ತಡೆದಿರಬಹುದು. ಕೇಂದ್ರ ಮುಚ್ಚಿದರೆ ಆ ತಡೆಯೂ ಹೋಯಿತು. ಇನ್ನು ಕೆಲವರಿಗೆ ಕೇಂದ್ರವೇ ಹೆಚ್ಚು ಅಪಾಯ. ಚಿಲಕವಿಲ್ಲದ ಬಚ್ಚಲು, ದೀಪವಿಲ್ಲದ ಶೌಚಾಲಯದ ದಾರಿ, ಕುಡಿದು ಬರುವ ಗಂಡನಿಗೆ ಕೇಳುವವರಿಲ್ಲದ ಗದ್ದಲ. ಈ ಎರಡೂ ಬಗೆಯ ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳದ ಹೊರತು ಅವರ ಮನೆಯ ಅಗತ್ಯ ಏನೆಂದು ತಿಳಿಯುವುದು ಸಾಧ್ಯವಿಲ್ಲ.

ಮನೆ ಕಟ್ಟಲು ತವರಿನ ಹಣ

ಪರಿಹಾರದ ಕಂತು ಕಟ್ಟಿದ ಮೇಲೆ ಬರುತ್ತದೆ, ಕಟ್ಟುವ ಖರ್ಚು ಮೊದಲೇ ಬರುತ್ತದೆ. ಉಸುಕು, ಸಿಮೆಂಟು, ಕಬ್ಬಿಣ, ಗೌಂಡಿಯ ಕೂಲಿ ನೆರೆಯ ವರ್ಷ ಏರಿಯೇ ಏರುತ್ತವೆ. ಈ ನಡುವಿನ ಅಂತರವನ್ನು ತುಂಬಲು ಬಡ್ಡಿಯವನ ಬಳಿ ಹೋಗಬೇಕು, ಇಲ್ಲವೇ "ನಿಮ್ಮಪ್ಪನ ಕಡೆಯಿಂದ ಎರಡು ಲಕ್ಷ ತರಿಸು" ಎಂದು ಹೆಂಡತಿಯ ಕಡೆ ತಿರುಗಬೇಕು. ವರದಕ್ಷಿಣೆ ಮದುವೆಯ ದಿನಕ್ಕೆ ಮುಗಿಯುವುದಿಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಬುನಾದಿಯ ಪೂಜೆಯಿಂದ ಗೃಹಪ್ರವೇಶದವರೆಗೆ ಅದು ಹೊಸ ವೇಷದಲ್ಲಿ ಬರುತ್ತದೆ, ಮತ್ತು ಅದನ್ನು ಯಾರೂ ವರದಕ್ಷಿಣೆ ಎನ್ನುವುದಿಲ್ಲ, 'ಸಹಾಯ' ಎನ್ನುತ್ತಾರೆ.

ಸರ್ವೋಚ್ಚ ನ್ಯಾಯಾಲಯ 2022ರ ಜನವರಿಯಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಮನೆ ಕಟ್ಟಲು ತವರಿನಿಂದ ಹಣ ತಾ ಎಂದು ಹೆಂಡತಿಯನ್ನು ಪೀಡಿಸುವುದೂ ವರದಕ್ಷಿಣೆಯೇ ಎಂದು ಅದು ತೀರ್ಪು ನೀಡಿತು. ಆ ಪ್ರಕರಣದಲ್ಲಿ ಹೆಣ್ಣುಮಗಳು ಸತ್ತ ಮೇಲೆ ತೀರ್ಪು ಬಂತು. ಸಾಯುವ ಮೊದಲೇ ಈ ಮಾತು ನಮ್ಮ ಹಳ್ಳಿಗಳಿಗೆ ತಲುಪಬೇಕು. ಆದ್ದರಿಂದ ಮನೆಯ ಅಗತ್ಯದ ಲೆಕ್ಕ ಮಾಡುವಾಗ ಎಷ್ಟು ಹಣ ಬೇಕು ಎಂಬುದರ ಜೊತೆಗೆ, ಸಾಲದೆ ಬಿದ್ದ ಹಣವನ್ನು ಎಲ್ಲಿಂದ ತರುತ್ತೀರಿ ಎಂದೂ ಕೇಳಬೇಕು. ಕೇಳಿದರೆ ಅರ್ಧ ಕಥೆ ಅಲ್ಲೇ ಹೊರಬೀಳುತ್ತದೆ.

ಕಾನೂನು ಏನು ಕೊಟ್ಟಿದೆ, ಏನು ಕೊಟ್ಟಿಲ್ಲ

2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ ಪರಿಹಾರ ಕೇಂದ್ರದಲ್ಲಿ ಇರಬೇಕಾದ ಕನಿಷ್ಠ ಸೌಕರ್ಯಗಳ ಬಗ್ಗೆ, ವಿಧವೆಯರ ಹಾಗೂ ಅನಾಥರ ವಿಶೇಷ ಅಗತ್ಯಗಳ ಬಗ್ಗೆ, ಮನೆ ಹಾನಿಯ ನೆರವಿನ ಬಗ್ಗೆ ಮಾರ್ಗಸೂಚಿ ಇರಬೇಕೆನ್ನುತ್ತದೆ. ಅದರಂತೆ 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಒಬ್ಬೊಬ್ಬರಿಗೆ 3.5 ಚದರ ಮೀಟರ್ ಜಾಗ, ಅಂದರೆ ಆರಡಿ ಉದ್ದ ಆರಡಿ ಅಗಲಕ್ಕಿಂತ ತುಸು ಹೆಚ್ಚು. 30 ಜನಕ್ಕೆ ಒಂದು ಶೌಚಾಲಯ. ವಿಪತ್ತಿನಲ್ಲಿ ಗಂಡನನ್ನು ಕಳೆದುಕೊಂಡವಳಿಗೆ 15 ದಿನದೊಳಗೆ ಪ್ರಮಾಣಪತ್ರ, 45 ದಿನದೊಳಗೆ ನೆರವು. ಇವು ಉಪಕಾರವಲ್ಲ, ಕೇಳಿ ಪಡೆಯುವಂಥವು. ಕೇಂದ್ರಕ್ಕೆ ಹೋದಾಗ ಒಂದು ಅಳತೆಯ ಟೇಪು ಒಯ್ಯಿರಿ.

ಆದರೆ ಒಂದು ಮಾತು ಗಮನಿಸಿರಿ. ಈ ಮಾರ್ಗಸೂಚಿಯ ವಿಶೇಷ ಕಾಳಜಿ ಆ ನೆರೆಯಲ್ಲೇ ವಿಧವೆಯಾದವಳಿಗೆ. ನೆರೆಗಿಂತ ಹತ್ತು ವರ್ಷ ಮೊದಲೇ ವಿಧವೆಯಾದವಳು, ಬಿಡಲ್ಪಟ್ಟವಳು, ಹೊಡೆತ ತಾಳದೆ ಹೊರಬಿದ್ದವಳು ಅದರಲ್ಲಿ ಇಲ್ಲ. ಅವರನ್ನು ಸೇರಿಸುವ ಕೆಲಸ ಸ್ಥಳೀಯ ಲೆಕ್ಕದಲ್ಲೇ ಆಗಬೇಕು.

ಅವಳಿಗಾಗಿ ಬೇರೆ ಕಾನೂನುಗಳಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಡತಿಗೆ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸದ ಹಕ್ಕು ಕೊಟ್ಟಿದೆ, ಮನೆ ಯಾರ ಹೆಸರಿನಲ್ಲಿದ್ದರೂ ಸರಿ. ಅತ್ತೆ-ಮಾವನ ಹೆಸರಿನ ಮನೆಯಾದರೂ ಅದು ಬಾಳಿದ ಮನೆ ಆಗಬಲ್ಲದೆಂದು 2020ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮನೆಯೇ ಬಿದ್ದು ಹೋದರೆ? ಅದೇ ಕಾಯ್ದೆಯ 19ನೇ ಕಲಮಿನಡಿ, ಮೊದಲಿದ್ದ ಮಟ್ಟದ್ದೇ ಬೇರೆ ವಸತಿ ಕೊಡು, ಇಲ್ಲವೇ ಬಾಡಿಗೆ ಕೊಡು ಎಂದು ಗಂಡನಿಗೆ ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹಾಗಾದರೆ ಗೋಡೆಯ ಜೊತೆಗೆ ಅವಳ ಹಕ್ಕೂ ಕೊಚ್ಚಿ ಹೋಯಿತೆಂದು ಯಾರೂ ಹೇಳುವಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ರಕ್ಷಣಾಧಿಕಾರಿ. ಅವರು ಆಶ್ರಯ ಕೇಂದ್ರಕ್ಕೆ ಬಂದು ಕೂರಬೇಕು. ಉಚಿತ ಕಾನೂನು ನೆರವಿನ ಕಾಯ್ದೆ ಆದಾಯದ ಮಿತಿಯಿಲ್ಲದೆ ಎಲ್ಲ ಮಹಿಳೆಯರಿಗೂ ನೆರವು ಕೊಡುತ್ತದೆ, ನೆರೆ-ಭೂಕಂಪದ ಸಂತ್ರಸ್ತರನ್ನೂ ಬೇರೆಯಾಗಿ ಹೆಸರಿಸುತ್ತದೆ. ನೆರೆ ಕೇಂದ್ರದಲ್ಲಿರುವ ಹೆಣ್ಣಿಗೆ ಎರಡು ಬಾಗಿಲಿಂದಲೂ ಪ್ರವೇಶವಿದೆ.

ಇನ್ನು 'ಯಜಮಾನ' ಎಂಬ ಶಬ್ದ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಶನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳು. 2023ರಲ್ಲಿ ನಮ್ಮ ರಾಜ್ಯ ಗೃಹಲಕ್ಷ್ಮಿಯನ್ನು ಶುರು ಮಾಡಿದಾಗ ಹಣ ಹೋದದ್ದು ಮನೆಯ 'ಯಜಮಾನಿ'ಯ ಖಾತೆಗೆ. ಅಕ್ಕಿ ತರಲು ಯಜಮಾನಿ, ಎರಡು ಸಾವಿರಕ್ಕೆ ಯಜಮಾನಿ. ಐದು ಲಕ್ಷದ ಮನೆ ಬಂದಾಗ ಮಾತ್ರ ಯಜಮಾನ ಹೇಗಾದ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯನ್ನು ಹೆಂಡತಿಯ ಹೆಸರಿಗೆ, ಇಲ್ಲವೇ ಗಂಡ-ಹೆಂಡಿರ ಜಂಟಿ ಹೆಸರಿಗೆ ಕೊಡಲು ಬರುತ್ತದೆ. ನೆರೆಯ ಮನೆಗೂ ಅದೇ ನಿಯಮ ಇರಲಿ.

"ಉರಿಯುವ ಮನೆಯಲ್ಲಿ ಗಳ ಹಿರಿಯಬೇಡಿ"

ಇಂಥ ಮಾತು ಎತ್ತಿದರೆ ಬರುವ ಆಕ್ಷೇಪಗಳನ್ನೂ ನೇರವಾಗಿ ಎದುರಿಸಬೇಕು.

ಮೊದಲನೆಯದು: ಜನ ನೀರಲ್ಲಿ ನಿಂತಿರುವಾಗ ಗಂಡ-ಹೆಂಡಿರ ಜಗಳ ಏಕೆ ಕೆದಕುತ್ತೀರಿ, ಇದು ಉರಿಯುವ ಮನೆಯಲ್ಲಿ ಗಳ ಹಿರಿದಂತೆ. ನನ್ನ ಉತ್ತರ ಇಷ್ಟೇ. ಗಳ ಹಿರಿಯುವವರು ನಾವಲ್ಲ. ನೀರು ಇಳಿಯುವ ಮೊದಲೇ ಹೆಸರು ಬರೆಯುವ ಕೆಲಸ ಶುರುವಾಗಿರುತ್ತದೆ, ಹದಿನೈದಿಪ್ಪತ್ತು ದಿನಕ್ಕೆ ಮುಗಿದೂ ಹೋಗುತ್ತದೆ. ಆಮೇಲೆ ಕೇಳಿದರೆ "ಪಟ್ಟಿ ಮ್ಯಾಲ ಹೋಗೇತ್ರಿ" ಎನ್ನುತ್ತಾರೆ. ಹೆಂಗಸರು ಮಾತಾಡಲು ಸರಿಯಾದ ಸಮಯ ಬರಲೆಂದು ಕಾದರೆ ಆ ಸಮಯದಲ್ಲಿ ಪಟ್ಟಿ ಬೆಂಗಳೂರಿನಲ್ಲಿರುತ್ತದೆ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಒಲೆ ಎಣಿಸಿದರೆ ಎಲ್ಲರೂ ರಾತ್ರೋರಾತ್ರಿ ಹೊಸ ಒಲೆ ಹೂಡುತ್ತಾರೆ, ಒಂದು ಮನೆಯವರು ಮೂರು ಮನೆ ಕೇಳುತ್ತಾರೆ, ನಿಜವಾಗಿ ಬಿದ್ದವರಿಗೆ ಸಿಗುವುದಿಲ್ಲ. ಈ ಭಯ ಸುಳ್ಳಲ್ಲ. ಸುಳ್ಳು ಪಟ್ಟಿಯ ದೂರುಗಳನ್ನು ನಾವೇ ಕೇಳಿದ್ದೇವೆ. ಆದರೆ ಬೀದಿಯಿಂದ ನೋಡಿ ಬರೆದ ಗೋಡೆಯ ಲೆಕ್ಕವೂ ಸುಳ್ಳನ್ನು ತಡೆಯಲಿಲ್ಲವಲ್ಲ? ಯಾವ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತಿತ್ತು, ಯಾರು ಯಾವಾಗಿನಿಂದ ಬೇರೆ ಉಣ್ಣುತ್ತಿದ್ದರು ಎಂಬುದು ಓಣಿಯ ಹೆಂಗಸರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಸುಳ್ಳನ್ನು ಹಿಡಿಯಬಲ್ಲ ಸಾಕ್ಷಿಗಳು ಅವರೇ. ಹಾಗಾಗಿ ಒಲೆಯ ಪಟ್ಟಿಯನ್ನು ಓಣಿಯಲ್ಲಿ ಗಟ್ಟಿಯಾಗಿ ಓದಬೇಕು, ಆಕ್ಷೇಪ ಕೇಳಬೇಕು, ಆಮೇಲೆ ಗ್ರಾಮಸಭೆಗೆ ಒಯ್ಯಬೇಕು. ಪ್ರತಿಯೊಂದು ಒಲೆಗೂ 5 ಲಕ್ಷ ಕೊಡಿ ಎಂದು ನಾನು ಹೇಳುತ್ತಿಲ್ಲ. ಒಂದು ಮನೆಯ ಹಣವೇ ಬಂದರೂ ಅದರಲ್ಲಿ ಮೂರನೆಯ ಒಲೆಯವಳಿಗೂ ಒಂದು ಕೋಣೆ, ಒಂದು ಬಾಗಿಲು, ಕಾಗದದಲ್ಲಿ ಒಂದು ಸಾಲು ಇರಬೇಕು.

ಮೂರನೆಯದು: ಹೆಂಗಸರ ಹೆಸರಿಗೆ ಮಾಡಿದರೆ ಸಂಸಾರ ಒಡೆಯುತ್ತದೆ. ಹೆಸರಿಗೇ ಒಡೆಯುವ ಸಂಸಾರ ಎಂಥದೆಂದು ಓದುವವರೇ ಯೋಚಿಸಲಿ.

ಹಿಂದಿನವರಿಂದ ಎರಡು ಪಾಠ

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಳೆಯ ದಂಡೆಯ ಊರುಗಳಿಗೆ ಹೊಸ ಮನೆಗಳನ್ನು ಕಟ್ಟಿದರು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ದನ ಕಟ್ಟಲು ಜಾಗವಿಲ್ಲ, ಕಾಳು-ಕಡಿ ಇಡಲು ಜಾಗವಿಲ್ಲ, ಹೊಲ ದೂರ, ನೀರು ದೂರ. 2019ರಲ್ಲಿ ಮತ್ತೆ ಹೊಳೆ ಬಂದಾಗ ಆ ಜನ ಹಳೆಯ ಊರಿನಲ್ಲೇ ಸಿಕ್ಕಿಬಿದ್ದರು. ಜನರಿಗೆ ಕೃತಜ್ಞತೆಯಿಲ್ಲ ಎಂದು ಆಗ ಅಂದವರಿದ್ದಾರೆ. ಆದರೆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ದುಡಿಯುವವಳನ್ನು ಯಾರು ಕೇಳಿದ್ದರು? ಎಮ್ಮೆ ಎಲ್ಲಿ ಕಟ್ಟುತ್ತಿ, ರೊಟ್ಟಿ ಎಲ್ಲಿ ಬಡಿಯುತ್ತಿ, ರಾತ್ರಿ ಹೊರಕಡೆಗೆ ಎಲ್ಲಿಗೆ ಹೋಗುತ್ತಿ ಎಂದು ಕೇಳಿದ್ದರೆ ನಕ್ಷೆ ಕಾಗದದ ಮೇಲಿರುವಾಗಲೇ ತಿದ್ದಬಹುದಿತ್ತು.

ಇನ್ನೊಂದು ಪಾಠ ನೆರೆಯ ಮಹಾರಾಷ್ಟ್ರದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ, ಉಸ್ಮಾನಾಬಾದ (ಇಂದಿನ ಧಾರಾಶಿವ) ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಕಿಲ್ಲಾರಿ ಸುತ್ತಮುತ್ತ ಸುಮಾರು 8 ಸಾವಿರ ಜನ ಸತ್ತರು, ನಮ್ಮ ಬೀದರ, ಕಲಬುರ್ಗಿಯ ಗೋಡೆಗಳೂ ಬಿರುಕುಬಿಟ್ಟವು. ಅಲ್ಲಿಯ ಸರಕಾರ ಮನೆ ದುರಸ್ತಿಯ ಕೆಲಸದಲ್ಲಿ 'ಸ್ವಯಂ ಶಿಕ್ಷಣ ಪ್ರಯೋಗ' ಎಂಬ ಸಂಸ್ಥೆಯ ಮೂಲಕ ಹಳ್ಳಿಹಳ್ಳಿಯ ಮಹಿಳಾ ಮಂಡಳಗಳಿಂದ ಹೆಂಗಸರನ್ನು 'ಸಂವಾದ ಸಹಾಯಕ'ರೆಂದು ತೆಗೆದುಕೊಂಡಿತು. ಅವರು ಮನೆಮನೆಗೆ ಹೋಗಿ ಯಾರಿಗೆ ಎಷ್ಟು ಹಣ ಬರಬೇಕೆಂದು ತಿಳಿಸಿದರು, ಗೋಡೆ ಗಟ್ಟಿಯಾಗಿ ಕಟ್ಟುವ ಬಗೆ ಕಲಿತು ಕಲಿಸಿದರು. ಓದು-ಬರಹ ಅಷ್ಟಕ್ಕಷ್ಟೇ ಇದ್ದ ಹೆಂಗಸರು ಇಂಜಿನಿಯರರ ಮುಂದೆ ನಿಂತು ಪ್ರಶ್ನೆ ಕೇಳುವಂತಾದರು. ನಮ್ಮ ಸಂಘಗಳಿಗೆ ಅದು ಆಗದ ಕೆಲಸವೆ?

ಸಂಘ ಮಾಡಬೇಕಾದ ಎರಡು ಪುಸ್ತಕ

ಸಂಘದ ಗೆಳತಿಯರೆ, ವಾರ ವಾರ ಉಳಿತಾಯದ ಲೆಕ್ಕ ಇಡುತ್ತೀರಿ, ಠರಾವು ಬರೆಯುತ್ತೀರಿ. ಐದು ರೂಪಾಯಿ ಹೆಚ್ಚು-ಕಡಿಮೆಯಾದರೆ ಹಿಡಿಯುತ್ತೀರಿ. ನೆರೆ ಬಂದಾಗ ಬೇಕಾದದ್ದು ಇದೇ ಕೌಶಲ. ಎರಡು ಪುಸ್ತಕ ಮಾಡಿರಿ.

ಮೊದಲನೆಯದು ತೆರೆದ ಪುಸ್ತಕ, ಒಲೆಗಳದು. ಅದರಲ್ಲಿ ಇವು ಇರಲಿ:

1. ನೆರೆಗೆ ಮುಂಚೆ ಈ ಬಾಗಿಲೊಳಗೆ ಎಷ್ಟು ಒಲೆ ಇದ್ದವು, ಪ್ರತಿ ಒಲೆಯಲ್ಲಿ ಯಾರು ಯಾರು ಉಣ್ಣುತ್ತಿದ್ದರು.
2. ಮನೆ ಸ್ವಂತದ್ದೋ, ಬಾಡಿಗೆಯೋ, ತವರಿನದೋ. ಉತಾರ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೆಯೇ.
3. ನೀರಲ್ಲಿ ಹೋದ ಕಾಗದಗಳು: ರೇಶನ್ ಕಾರ್ಡು, ಆಧಾರ, ಬ್ಯಾಂಕಿನ ಮತ್ತು ಸಂಘದ ಪಾಸ್‌ಬುಕ್ಕು, ಜೀವನಾಂಶದ ಕೇಸಿನ ಕಾಗದ.
4. ಮನೆಯೊಳಗೆ ಮಾಡುತ್ತಿದ್ದ ದುಡಿಮೆ: ಹೊಲಿಗೆ ಯಂತ್ರ, ಎಮ್ಮೆ, ಆಡು, ಕೋಳಿ, ರೊಟ್ಟಿ, ಕೌದಿ.
5. ಕೇಂದ್ರಕ್ಕೆ ಬಾರದವರು: ನೆಂಟರ ಮನೆಯಲ್ಲಿ, ಗುಡಿಯಲ್ಲಿ, ರಸ್ತೆಯ ಬದಿಯಲ್ಲಿ ಇರುವವರು. ಇವರನ್ನು ಸರಕಾರಿ ಲೆಕ್ಕ ಮೊದಲು ಮರೆಯುತ್ತದೆ.

ಎರಡನೆಯದು ಮುಚ್ಚಿದ ಪುಸ್ತಕ. ಅದನ್ನು ಇಬ್ಬರೇ ಹಿಡಿಯಬೇಕು, ಸಭೆಯಲ್ಲಿ ಓದಬಾರದು, ಸಮೀಕ್ಷೆಯವರ ಕೈಗೂ ಹಾಗೇ ಕೊಡಬಾರದು. ಪ್ರತಿ ಹೆಂಗಸನ್ನೂ ಒಬ್ಬಳನ್ನೇ, ನೀರು ತರುವ ದಾರಿಯಲ್ಲೋ ಬಟ್ಟೆ ಒಗೆಯುವಲ್ಲೋ, ಗಂಡ-ಅತ್ತೆ ಇಲ್ಲದಾಗ ಮೂರು ಮಾತು ಕೇಳಬೇಕು. ಕೇಂದ್ರ ಮುಚ್ಚಿದ ದಿನ ಎಲ್ಲಿಗೆ ಹೋಗುತ್ತಿ? ಅಲ್ಲಿಗೆ ಹೋಗಲು ನಿನಗೆ ಧೈರ್ಯವಿದೆಯೆ? ಮನೆ ಕಟ್ಟಲು ತವರಿನಿಂದ ತಾ ಎಂದು ಯಾರಾದರೂ ಅಂದಿದ್ದಾರೆಯೆ? ಉತ್ತರ ಬರದಿದ್ದರೆ ಒತ್ತಾಯ ಬೇಡ. ಇನ್ನೊಮ್ಮೆ ಹೋಗಬೇಕು. ಮೊದಲ ವಾರ ಒಂದು ಸಲ, ಪಟ್ಟಿ ತಯಾರಾಗುವಾಗ ಒಂದು ಸಲ, ಕೇಂದ್ರ ಮುಚ್ಚುವ ಮೊದಲು ಒಂದು ಸಲ. ಮೊದಲ ದಿನ ತಲೆ ತಗ್ಗಿಸಿದವಳು ಹತ್ತನೆಯ ದಿನ ಬಾಯಿ ಬಿಡುತ್ತಾಳೆ. ಅವಳು ಬಯಸಿದರೆ ರಕ್ಷಣಾಧಿಕಾರಿಯ ಬಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಳಿ ಜೊತೆಯಲ್ಲಿ ಹೋಗಿರಿ. 181 ಮತ್ತು 112 ನಂಬರುಗಳನ್ನು ಬಚ್ಚಲ ಗೋಡೆಯ ಮೇಲೆ, ಹೆಂಗಸರಿಗೆ ಮಾತ್ರ ಕಾಣುವಲ್ಲಿ ಬರೆಯಿರಿ.

ಇನ್ನೊಂದು ಮಾತು ನಮ್ಮ ನಮ್ಮಲ್ಲೇ. ನೆರೆಯ ತಿಂಗಳುಗಳಲ್ಲಿ ಸಾಲದ ಕಂತಿಗಾಗಿ ಸದಸ್ಯೆಯ ಬೆನ್ನು ಹತ್ತಬೇಡಿರಿ. ಕಂತು ಮುಂದೆ ಹಾಕುವ ಠರಾವನ್ನು ಮೊದಲ ಸಭೆಯಲ್ಲೇ ಮಾಡಿರಿ. ಸಂಘಕ್ಕೆ ಹೆದರಿ ಓಡಾಡುವವಳು ಸಂಘದ ಹತ್ತಿರ ಮನಸ್ಸು ಬಿಚ್ಚುವುದಿಲ್ಲ.

ಸರಕಾರದಿಂದ ನಾವು ಕೇಳಬೇಕಾದ್ದು

ಮನೆ ಹಾನಿಯ ಸಮೀಕ್ಷೆಯ ತಂಡದಲ್ಲಿ ಇಂಜಿನಿಯರ್, ಗ್ರಾಮ ಆಡಳಿತಾಧಿಕಾರಿ, ಪಿಡಿಒ ಇವರ ಜೊತೆಗೆ ಸ್ಥಳೀಯ ಸಂಘದ ಇಬ್ಬರು ಮಹಿಳೆಯರಿರಲಿ. ನಮೂನೆಯಲ್ಲಿ 'ಯಜಮಾನರ ಹೆಸರು' ತೆಗೆದು ಮನೆಯಲ್ಲಿ ವಾಸವಿದ್ದ ಎಲ್ಲ ವಯಸ್ಕರ ಹೆಸರು ಬರೆಯಲಿ. ಹೊಸ ಮನೆ, ಹೊಸ ಹಕ್ಕುಪತ್ರ ಹೆಂಡತಿಯ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಇರಲಿ, ಕಂತು ಜಂಟಿ ಖಾತೆಗೇ ಬರಲಿ. ಒಂಟಿ ಹೆಣ್ಣಿಗೆ ವಾರಸಾ ತಕರಾರಿದೆಯೆಂದು ಮನೆ ತಡೆಯದೆ, ವಾಸದ ಸಾಕ್ಷಿಯ ಮೇಲೆ ಮೊದಲ ಕಂತು ಕೊಡಲಿ. ಬಾಡಿಗೆಗಿದ್ದವರನ್ನು ಬೇರೆಯಾಗಿ ಎಣಿಸಿ ಬಾಡಿಗೆ ನೆರವು ಅವರ ಕೈಗೇ ಕೊಡಲಿ. ಶಾಲೆ ಶುರುವಾಯಿತೆಂದು ಕೇಂದ್ರ ಮುಚ್ಚುವ ಮೊದಲು, ಹೋಗಲು ಜಾಗವಿಲ್ಲವೆಂದ ಪ್ರತಿ ಹೆಂಗಸಿಗೂ ಒಂದು ಜಾಗ ತೋರಿಸಲಿ. ಇವುಗಳಲ್ಲಿ ಹೊಸ ಹಣ ಬೇಕಾದದ್ದು ಒಂದೋ ಎರಡೋ. ಉಳಿದವಕ್ಕೆ ಬೇಕಾದದ್ದು ನಮೂನೆಯಲ್ಲಿ ಕೆಲವು ಸಾಲು ಮತ್ತು ಕೇಳುವ ಮನಸ್ಸು.

ಇದಕ್ಕೆಲ್ಲ ಹಳ್ಳ ಉಕ್ಕುವವರೆಗೆ ಕಾಯಬೇಕಿಲ್ಲ. ಒಲೆಯ ಪುಸ್ತಕವನ್ನು ಬಿಸಿಲಿನಲ್ಲೇ ಬರೆಯಬಹುದು, ಆಗಲೇ ಚೆನ್ನಾಗಿ ಬರೆಯಬಹುದು. ಮಿರಗದ ಮಳೆ ಹಿಡಿಯುವ ಮೊದಲು ನಿಮ್ಮ ಓಣಿಯ ಬಾಗಿಲು ಬಾಗಿಲಿಗೆ ಹೋಗಿ ಒಲೆ ಎಣಿಸಿ ಬರೆಯಿರಿ. ಒಂದು ಪ್ರತಿಯನ್ನು ಪಂಚಾಯಿತಿಗೆ ಅರ್ಜಿಯ ಜೊತೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿರಿ. ಇನ್ನೊಂದನ್ನು ನೀರು ಏರದ ಊರಿನ ಸಂಘದವರ ಹತ್ತಿರ ಇಡಿರಿ. ಗೋಡೆ ಬಿದ್ದ ಮೇಲೆ, "ಈಕಿ ಇಲ್ಲಿ ಇದ್ದಳು" ಎಂದು ಹೇಳಲು ಆ ಪುಸ್ತಕ ಇರಬೇಕು.